ಕೊಂಬಿನ ಹಾಳೆಯ ಕಾನೂನು ಪುಸ್ತಕ

ಕೇಳುಗರೆಲ್ಲರಿಗೂ ನಮಸ್ಕಾರ. ಅಮೆರಿಕದ ನ್ಯಾಯಾಲಯಗಳ ತೀರ್ಪುಗಳನ್ನು ಓದುವವರಿಗೆ ‘ಹಾರ್ನ್‌ಬುಕ್ ಲಾ’ ಎಂಬ ಮಾತು ಆಗಾಗ ಎದುರಾಗುತ್ತದೆ. ಹಾರ್ನ್ ಎಂದರೆ ಕೊಂಬು. ವಕೀಲರಿಗೆ ಕೊಂಬು ಮೂಡುವ ವಿಚಾರವಲ್ಲ ಬಿಡಿ. ಇದು ನಿಜವಾದ ದನದ ಕೊಂಬು.

15ನೇ ಶತಮಾನದಿಂದ ಹೆಚ್ಚುಕಡಿಮೆ 18ನೇ ಶತಮಾನದವರೆಗೂ ಇಂಗ್ಲೆಂಡಿನ ಮಕ್ಕಳು ಅಕ್ಷರ ಕಲಿತದ್ದು ಹಾರ್ನ್‌ಬುಕ್ಕಿನಿಂದ. ಹೆಸರಿಗಷ್ಟೇ ಪುಸ್ತಕ, ಇದ್ದದ್ದು ಒಂದೇ ಹಾಳೆ. ಹಿಡಿಕೆಯುಳ್ಳ ಪುಟ್ಟ ಮರದ ಹಲಗೆಗೆ ಅದನ್ನು ಅಂಟಿಸುತ್ತಿದ್ದರು. ಮೇಲ್ತುದಿಯಲ್ಲಿ ಶಿಲುಬೆ, ಆಮೇಲೆ ಅಕ್ಷರಮಾಲೆ, ಅದರ ಕೆಳಗೆ ನಮ್ಮ ಕಾಗುಣಿತದಂತೆ ಅಬ್, ಎಬ್, ಇಬ್ ಎಂಬ ಪಾಠ, ಕೊನೆಗೊಂದು ಪ್ರಾರ್ಥನೆ. ಕಾಗದ ದುಬಾರಿ, ಮಕ್ಕಳ ಕೈಯೋ ಸದಾ ಕೊಳಕು. ಅದಕ್ಕಾಗಿ ಕೊಂಬನ್ನು ನೆನೆಸಿ, ಕಾಯಿಸಿ, ಒತ್ತಿ, ಅಕ್ಷರ ಕಾಣುವಷ್ಟು ತೆಳ್ಳಗೆ ಸೀಳಿ ಹಾಳೆಗೆ ಹೊದಿಸಿ, ಅಂಚಿಗೆ ಹಿತ್ತಾಳೆಯ ಪಟ್ಟಿ ಇಟ್ಟು ಮೊಳೆ ಹೊಡೆಯುತ್ತಿದ್ದರು. ಹಿಡಿಕೆಯ ತೂತಿಗೆ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಪಾಠಕ್ಕೆ ಸಿದ್ಧ. ಆಟದ ಹೊತ್ತಿಗೆ ಅದೇ ಬ್ಯಾಟೂ ಆಗುತ್ತಿತ್ತು.

ಕ್ರಮೇಣ ಯಾವುದೇ ವಿಷಯದ ಬಾಲಪಾಠಕ್ಕೆ ಈ ಹೆಸರು ಬಂತು. ಕಾನೂನಿಗೆ ಅದನ್ನು ಗಟ್ಟಿಯಾಗಿ ಅಂಟಿಸಿದ್ದು ಮಿನ್ನೆಸೋಟದ ಸೇಂಟ್ ಪಾಲ್ ನಗರದ ವೆಸ್ಟ್ ಪ್ರಕಾಶನ ಸಂಸ್ಥೆ, 19ನೇ ಶತಮಾನದ ಕೊನೆಯಲ್ಲಿ ಹೊರಡಿಸಿದ ತನ್ನ ಹಾರ್ನ್‌ಬುಕ್ ಮಾಲೆಯಿಂದ. ಕಾಲವೂ ಕೂಡಿಬಂದಿತ್ತು. 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಕ್ರಿಸ್ಟೋಫರ್ ಲ್ಯಾಂಗ್‌ಡೆಲ್, ನಿಯಮಗಳನ್ನು ಒಪ್ಪಿಸಲು ಕೇಳುವುದನ್ನು ಬಿಟ್ಟು, ತೀರ್ಪುಗಳನ್ನೇ ಓದಿಸಿ ಅವುಗಳಿಂದ ನಿಯಮವನ್ನು ಹೆಕ್ಕಿಸುವ ಪದ್ಧತಿ ತಂದರು. ಬೇರೆ ಶಾಲೆಗಳೂ ಅದೇ ಹಾದಿ ಹಿಡಿದವು. ಬುದ್ಧಿಗೇನೋ ಒಳ್ಳೆಯ ಕಸರತ್ತು. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ‘ಹಾಗಾದರೆ ನಿಯಮ ಯಾವುದು?’ ಎಂದು ಕಣ್ಣುಬಾಯಿ ಬಿಡುವ ವಿದ್ಯಾರ್ಥಿಗೆ ನೇರ ಉತ್ತರ ಹೇಳುವವರು ಬೇಕಲ್ಲ? ಹಾರ್ನ್‌ಬುಕ್ ಹೇಳುತ್ತಿತ್ತು.

ನಮ್ಮ ಕಾನೂನು ವಿದ್ಯಾರ್ಥಿಗಳು ಕೊಳ್ಳುವ ‘ಬೇರ್ ಆಕ್ಟ್’ನಲ್ಲಿ ಕಾಯಿದೆಯ ಪಠ್ಯವಷ್ಟೇ ಇರುತ್ತದೆ. ಹಾರ್ನ್‌ಬುಕ್ ಹಾಗಲ್ಲ; ಲೆಕ್ಕವಿಲ್ಲದಷ್ಟು ತೀರ್ಪುಗಳಲ್ಲಿ ಚದುರಿಹೋದ ತತ್ವಗಳನ್ನು ವಿದ್ವಾಂಸರೊಬ್ಬರು ಒಂದೇ ಸಂಪುಟದಲ್ಲಿ ಬಿಡಿಸಿ ಹೇಳಿರುತ್ತಾರೆ. ಬಾಲಪಾಠವೆಂದು ನಂಬಿ ಎತ್ತಿಕೊಂಡರೆ ಮಾತ್ರ ಕೈ ನೋವು ಖಂಡಿತ: ವಿಲಿಯಂ ಪ್ರಾಸರ್ ಅವರು 1941ರಲ್ಲಿ ಟಾರ್ಟ್ ಕಾನೂನಿನ, ಅಂದರೆ ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಸಿವಿಲ್ ಕಾನೂನಿನ, ಬಗ್ಗೆ ಬರೆದ ಹಾರ್ನ್‌ಬುಕ್ ಸಾವಿರ ಪುಟ ಮೀರಿತ್ತು!

ಇನ್ನು, ತೀರ್ಪಿನಲ್ಲಿ ‘ಇದು ಹಾರ್ನ್‌ಬುಕ್ ಲಾ’ ಎಂದು ನ್ಯಾಯಾಧೀಶರು ಬರೆದರೆ, ಆ ನಿಯಮ ಚರ್ಚೆಗೆ ಎಡೆಯಿಲ್ಲದಷ್ಟು ಇತ್ಯರ್ಥವಾಗಿದೆ ಎಂದರ್ಥ. ಅದರ ವಿರುದ್ಧ ಗಂಟೆಗಟ್ಟಲೆ ವಾದಿಸಿ ಬಂದ ವಕೀಲರಿಗೆ, ಬಹಳ ಸಭ್ಯವಾದ ಭಾಷೆಯಲ್ಲಿ, ಮೊದಲು ಅಕ್ಷರ ತಿದ್ದಿಕೊಂಡು ಬನ್ನಿ ಎಂದು ಹೇಳಿದ ಹಾಗೆ. ನಮಸ್ಕಾರ.