ಕಿಲೋಮೀಟರ್ ಎಣಿಸಬೇಡಿ, ಹಳ್ಳ ಎಣಿಸಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಕಲಬುರಗಿ ರಿಂಗ್ ರೋಡ್ ಹತ್ತಿರ ಒಂದು ಜೀಪ್ ನಿಂತಿತ್ತು. ತಲೆ ಮೇಲೆ ಲೈಟ್ ಬಾರ್, ಮುಂದೆ ವಿಂಚ್, ನಾಲ್ಕೂ ಹೊಸ ಮಡ್ ಟೈರ್. ಸುಮ್ನೆ ಬಗ್ಗಿ ಹಿಂದಿನ ಆಕ್ಸಲ್ ನೋಡಿದೆ. ಆಕ್ಸಲ್ ಒಳಗೆ ಹೊರಗೆ ಗಾಳಿ ಆಡಲು ಇರುವ ಬ್ರೀದರ್ ಮುಚ್ಚಳದ ಮೇಲೆ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಅಷ್ಟು ದುಡ್ಡು ಸುರಿದವರು ಹೆಬ್ಬೆರಳ ತುದಿಯಷ್ಟಿರುವ ಆ ಮುಚ್ಚಳದ ಕಡೆ ತಿರುಗಿಯೂ ನೋಡಿಲ್ಲ. ಇವತ್ತಿನ ನನ್ನ ತಕರಾರು ಅದರ ಬಗ್ಗೆಯೇ.

ಡಿಫರೆನ್ಷಿಯಲ್ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಜಾಸ್ತಿ ಹೇಳಬೇಕಿಲ್ಲ. ಕಣದಲ್ಲಿ ಹಂತಿ ಕಟ್ಟಿದ್ದು ನೆನಪಿದೆಯಾ? ಮೇಟಿ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ ಹೆಜ್ಜೆ ಹಾಕುತ್ತದೆ. ಹೊರಗಿನ ಎತ್ತು ಓಡಬೇಕು. ತಿರುವಿನಲ್ಲಿ ಗಾಡಿಯ ಎರಡು ಚಕ್ರಗಳದ್ದೂ ಅದೇ ಕಥೆ. ಒಂದು ಕಡಿಮೆ ಸುತ್ತಬೇಕು, ಇನ್ನೊಂದು ಜಾಸ್ತಿ. ಅದನ್ನು ಹೊಂದಿಸುವ ಗೇರುಗಳು, ಇಂಜಿನ್ನಿನ ಎಳೆತವೆಲ್ಲ ಹೊರುವ ಕ್ರೌನ್ ಮತ್ತು ಪಿನಿಯನ್ ಅನ್ನೋ ಜೋಡಿ ಗೇರು, ಎಲ್ಲ ಆಕ್ಸಲ್‌ನಲ್ಲಿರುವ ಒಂದೇ ಗುಂಡು ಡಬ್ಬಿಯೊಳಗೆ, ಆಯಿಲ್‌ನಲ್ಲಿ ಮುಳುಗಿ ಓಡುತ್ತವೆ.

ಆ ಆಯಿಲ್ ಯಾವಾಗ ಬದಲಿಸಬೇಕು? ಕೇಳಿದರೆ ಎಲ್ಲರೂ ಕಿಲೋಮೀಟರ್ ಹೇಳುತ್ತಾರೆ. ಮ್ಯಾನುಯಲ್‌ನಲ್ಲಿ ಬರೆದಿರುವುದು ತಪ್ಪಲ್ಲ. ಆದರೆ ಆ ದೊಡ್ಡ ಲೆಕ್ಕ ಡಾಂಬರು ರಸ್ತೆಯ ಗಾಡಿಗೆ. ನೀರಿಗಿಳಿಯುವ ಗಾಡಿಗೆ ದಾಟಿದ ಹಳ್ಳಗಳ ಲೆಕ್ಕ ಹಿಡಿಯಬೇಕು ಅನ್ನೋದು ನನ್ನ ವಾದ.

ಯಾಕೆ ಅಂದರೆ, ಬಿಸಿಲಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿ ಬಂದ ಆಕ್ಸಲ್ ಕಾದಿರುತ್ತದೆ. ಒಳಗಿನ ಗಾಳಿಯೂ ಕಾದು ಹಿಗ್ಗಿರುತ್ತದೆ. ನೀವು ಸೀದಾ ತಣ್ಣನೆಯ ಹಳ್ಳಕ್ಕೆ ಇಳಿಸುತ್ತೀರಿ. ಗಾಳಿ ತಟ್ಟನೆ ಕುಗ್ಗಿ ಹೊರಗಿನಿಂದ ಏನಾದರೂ ಒಳಗೆ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ತೆರೆದಿದ್ದು ನೀರಿನ ಮೇಲಿದ್ದರೆ ಗಾಳಿ ಬರುತ್ತದೆ. ಮಣ್ಣು ಕಟ್ಟಿದ್ದರೆ? ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲ್‌ನ ಸಂದಿಯಿಂದ ನೀರು ಬರುತ್ತದೆ. ನಮ್ಮ ಎರೆಮಣ್ಣು ಒಮ್ಮೆ ಹಿಡಿದರೆ ಬಿಡುತ್ತದಾ? ವಾಡಿ, ಸೇಡಂ ಕಡೆ ಓಡಾಡುವವರಿಗೆ ಮಣ್ಣಿನ ಬದಲು ಸಿಮೆಂಟ್ ಲಾರಿಗಳ ಧೂಳು. ಬ್ರೀದರ್‌ಗೆ ಎರಡೂ ಒಂದೇ.

ನನ್ನ ಅನುಭವ ಹೇಳುತ್ತೇನೆ. ಚಿಂಚೋಳಿ ಕಡೆ ಮಳೆಗಾಲದಲ್ಲಿ ಒಂದು ಹಳ್ಳ ದಾಟಿದ್ದೆ. ಬಂದು ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದೆ. ಬಿಲ್ಲಿನಲ್ಲಿ "ಡಿಫರೆನ್ಷಿಯಲ್ ಚೆಕ್" ಅಂತಿತ್ತು. ದೀಪಾವಳಿ ಹೊತ್ತಿಗೆ ಅರವತ್ತರ ವೇಗದಲ್ಲಿ ಹಿಂದಿನಿಂದ ಸಣ್ಣಗೆ ಕೂಗು. ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತಿತ್ತು, ಒತ್ತಿದರೆ ಮತ್ತೆ ಶುರು. ಬೇರೆ ಮಿಸ್ತ್ರಿ ಪ್ಲಗ್ ಬಿಚ್ಚಿ ಬಟ್ಟಲು ನನ್ನ ಮುಂದೆ ಹಿಡಿದ. "ಸರ, ಇದು ಆಯಿಲ್ ಅಲ್ರಿ, ಚಾ ಅದ." ನಿಜವಾಗಿ ಚಹಾದ ಬಣ್ಣವೇ, ಕೆನೆ ಸಮೇತ. ಪಿನಿಯನ್ ಬೇರಿಂಗ್ ತುಕ್ಕು ಹಿಡಿದಿತ್ತು. ಮೊದಲಿನ ಗ್ಯಾರೇಜಿನವರು ಪ್ಲಗ್‌ಗೆ ಸ್ಪ್ಯಾನರ್ ಹಾಕಿಯೇ ಇರಲಿಲ್ಲ, ಅದರ ಮೇಲಿನ ಮಣ್ಣೇ ಸಾಕ್ಷಿ. ತಪ್ಪು ನನ್ನದೂ ಹೌದು. ನಿಂತು ನೋಡಲಿಲ್ಲ.

ಈಗ ನಾನೇ ನೋಡುತ್ತೇನೆ. ಗಾಡಿ ರಾತ್ರಿಯಿಡೀ ಸಮ ನೆಲದ ಮೇಲೆ ನಿಲ್ಲಬೇಕು. ನೀರು ಆಯಿಲ್‌ಗಿಂತ ಭಾರ, ಹೊಸದಾಗಿ ಹೊಕ್ಕ ನೀರು ತಳಕ್ಕೆ ಇಳಿದಿರುತ್ತದೆ. ಅದಕ್ಕೇ ಮೇಲಿನ ತೂತಿಗೆ ಬೆರಳು ಹಾಕಿ "ಚೆನ್ನಾಗಿದೆ" ಅಂದರೆ ನಾನು ನಂಬಲ್ಲ. ಬೆಳಿಗ್ಗೆ ಗಾಡಿ ಅಲುಗಿಸದೆ ಕೆಳಗಿನ ಡ್ರೇನ್ ಪ್ಲಗ್ ಸ್ವಲ್ಪ ಸಡಿಲಿಸಿ. ಮೊದಲ ನಾಲ್ಕು ಹನಿ ನೀರಾದರೆ ಪೂರ್ತಿ ಆಯಿಲ್ ಇಳಿಸಿಬಿಡಿ.

ಒಂದು ಎಚ್ಚರಿಕೆ. ಕೆಳಗಿನದನ್ನು ಮುಟ್ಟುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳಿ. ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚದೇ ಹೋದರೆ ಗಾಡಿ ಅಲ್ಲೇ ಕೂತುಬಿಡುತ್ತದೆ. ಪ್ಲಗ್‌ನಲ್ಲಿ ಆಯಸ್ಕಾಂತ ಇದ್ದರೆ ಒರೆಸಿ ನೋಡಿ. ಕಾಡಿಗೆಯಂಥ ನುಣ್ಣನೆಯ ಪೇಸ್ಟ್ ಮಾಮೂಲಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹೌಸಿಂಗ್, ಅಂದರೆ ಆ ಗುಂಡು ಡಬ್ಬಿ, ಬಿಚ್ಚಿಸಲೇಬೇಕು.

ಇನ್ನು ಆಯಿಲ್. ಅಂಗಡಿಯಲ್ಲಿ "90 ನಂಬರ್ ಕೊಡಿ" ಅಂದರೆ ಸಾಲದು. ಆ ನಂಬರ್ ಹೇಳುವುದು ಆಯಿಲ್ ಎಷ್ಟು ಗಟ್ಟಿ ಅಂತ ಮಾತ್ರ. ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿಕ್ಕುತ್ತವೆ, ಆ ಒತ್ತಡ ತಡೆಯುವ ಮದ್ದು ಆಯಿಲ್‌ನಲ್ಲಿ ಇರಬೇಕು. ಅದಕ್ಕೆ ಸಾಮಾನ್ಯವಾಗಿ ಡಬ್ಬದ ಮೇಲೆ ಜಿಎಲ್-5 ಅಂತ ಇರಬೇಕು. ಉಳಿದದ್ದನ್ನು ಗೇರ್‌ಬಾಕ್ಸ್‌ಗೂ ಸುರಿಯಬೇಡಿ, ಕೆಲವು ಗೇರ್‌ಬಾಕ್ಸ್‌ನ ಹಿತ್ತಾಳೆ ಭಾಗಗಳಿಗೆ ಅದು ಆಗಿಬರಲ್ಲ. ಎರಡಕ್ಕೂ ಮ್ಯಾನುಯಲ್ ನೋಡಿ.

ಬ್ರೀದರ್‌ಗೆ ನಾನು ಮಾಡಿದ್ದು ಇಷ್ಟೇ. ಆಯಿಲ್ ತಡೆಯುವ ರಬ್ಬರ್ ಪೈಪ್ ಜೋಡಿಸಿ, ಟೇಲ್ ಲ್ಯಾಂಪ್ ಎತ್ತರದವರೆಗೆ ಒಯ್ದು ಕಟ್ಟಿದೆ. ಲೈಟ್ ಬಾರ್ ಮುಂದೆ ಅದರ ಖರ್ಚು ಏನೂ ಅಲ್ಲ. ಹಳ್ಳದ ದಂಡೆಯಲ್ಲಿ ಹತ್ತು ನಿಮಿಷ ನಿಂತು ಚಹಾ ಕುಡಿಯುತ್ತೇನೆ, ಆಕ್ಸಲ್ ಸ್ವಲ್ಪ ಆರಲಿ ಅಂತ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಬಂದ ಹಾಗೆ ನೀರು ಬಂದರೆ ದಾಟುವ ಮಾತೇ ಇಲ್ಲ, ವಾಪಸ್ ಮನೆಗೆ.

ಹಾಂ, ಫೋರ್ ವೀಲ್ ಡ್ರೈವ್ ಗಾಡಿಗೆ ಮುಂದೆಯೂ ಒಂದು ಡಿಫರೆನ್ಷಿಯಲ್ ಇದೆ. ಹಬ್ ಬಿಡಿಸಿ ಮುಂದಿನ ಚಕ್ರಗಳನ್ನು ಆಕ್ಸಲ್‌ನಿಂದ ಬೇರೆ ಮಾಡಿಟ್ಟ ಹಳೇ ಜೀಪುಗಳಲ್ಲಿ ಅದು ಬೇಸಿಗೆಯೆಲ್ಲ ತಿರುಗುವುದೇ ಇಲ್ಲ. ನೀರು ಹೊಕ್ಕಿದ್ದರೆ ತಳದಲ್ಲಿ ಸುಮ್ನೆ ಕೂತು ತುಕ್ಕು ಹಿಡಿಸುತ್ತದೆ. ಸದ್ದೂ ಬರಲ್ಲ. ಹಿಂದಿನದು ಸರಿಯಾಯಿತು ಅಂತ ಖುಷಿಯಲ್ಲಿದ್ದ ನಾನು ಮುಂದಿನದನ್ನು ಬಿಚ್ಚಿದ್ದು ಸಂಕ್ರಾಂತಿ ಕಳೆದ ಮೇಲೆ. ಅಲ್ಲೂ ಚಹಾನೇ ಇತ್ತು.