ಗವಿ ಸ್ಕಿಪ್ ಮಾಡಬೇಡಿ

ನಮಸ್ಕಾರ ಸ್ನೇಹಿತರೇ. ಹೋದ ವಿಡಿಯೋಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. "ಗುರು, ಸ್ಪೇನ್‌ವರೆಗೂ ಹೋಗಿ ನಾಲ್ಕು ನಿಮಿಷ ಕತ್ತಲೆ ಗವಿ ತೋರಿಸ್ತೀಯಲ್ಲ, ಮೇಲಿರೋ ಚಾಪೆಲ್ ತೋರ್ಸು." ಅದಕ್ಕೆ ಮುನ್ನೂರು ಲೈಕ್! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಸ್ವಾಮಿ, ಆ ಚಾಪೆಲ್, ಅಂದ್ರೆ ಪುಟ್ಟ ಚರ್ಚು, ಅಲ್ಲಿರೋದೇ ಗವಿಯಿಂದ. ಸೋರಿಯಾ ಊರು, ಡುಯೆರೊ ನದಿ ದಂಡೆ. 6ನೇ ಶತಮಾನದಲ್ಲಿ ಸತೂರಿಯೊ ಅನ್ನೋ ಸಂತರು ಇದ್ದಬದ್ದ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿ, ಈ ಬಂಡೆಯೊಳಗೆ ಬಂದು ಕೂತರಂತೆ. ಬಂಡೆಯ ನೆತ್ತಿ ಮೇಲೆ ಈಗ ಕಾಣೋ ಎಂಟು ಮೂಲೆಯ ಚಾಪೆಲ್ ಎದ್ದಿದ್ದು ಸಾವಿರ ವರ್ಷ ಕಳೆದ ಮೇಲೆ. ಮೊದಲು ಯಾವುದು? ಗವಿ.

ಬಾಗಿಲು ಎಲ್ಲಿದೆ ಗೊತ್ತಾ? ಕೆಳಗೆ, ನದಿ ಪಕ್ಕ, ಗವಿಯಲ್ಲೇ. ಬಿಸಿಲಿಂದ ಒಳಗೆ ಕಾಲಿಟ್ಟರೆ ಒಂದು ಕ್ಷಣ ಏನೂ ಕಾಣುವುದಿಲ್ಲ. ಗೋಡೆ ಹಿಡಿದರೆ ಅಂಗೈ ತಣ್ಣಗಾಗುತ್ತದೆ. ಬಂಡೆ ನಡುವಿನ ಮೆಟ್ಟಿಲು ಹತ್ತಿ, ಒಂದೊಂದೇ ಕೋಣೆ ದಾಟಿ ಮೇಲೆ ಬಂದರೆ, ಅಬ್ಬಾ! ಗೋಡೆಯಿಂದ ಗುಮ್ಮಟದವರೆಗೂ ಚಿತ್ರ. 18ನೇ ಶತಮಾನದ ಶುರುವಿನಲ್ಲಿ ಹುವಾನ್ ಆಂತೋನಿಯೊ ಝಪಾಟಾ ಬರೆದದ್ದು. ಆ ಬಣ್ಣ ಹಾಗೆ ಕಣ್ಣಿಗೆ ಹೊಡೆಯೋದು ಯಾಕೆ? ಕತ್ತಲೆಯಿಂದ ಬಂದಿದ್ದಕ್ಕೆ! ಗವಿ ರೀ, ಗವಿ!

"ಡ್ರೋನ್ ಶಾಟ್ ಹಾಕು" ಅಂತ ಇನ್ನೊಬ್ಬರು. ಡ್ರೋನಿಗೆ ಗವಿ ಕಾಣುತ್ತಾ? ಮದುವೆಗೆ ಹೋಗಿ ಶಾಮಿಯಾನ ನೋಡ್ಕೊಂಡು ಬರೋ ಜನ ನೀವು.

ಮೂರನೆಯವರು, "ನಮ್ಮಲ್ಲಿ ಗವಿ ಇಲ್ವಾ?" ಇದೆ ಅಣ್ಣ, ಕೊಪ್ಪಳದಲ್ಲಿ ದೇವರ ಹೆಸರೇ ಗವಿಸಿದ್ಧೇಶ್ವರ. ಆದರೆ ಹೋದ ತಿಂಗಳು ಒಂದು ಗವಿಗೆ ಹೋಗಿದ್ದೆ, ಊರ ಹೆಸರು ಬೇಡ. ನೆಲಕ್ಕೆ ಟೈಲ್ಸ್, ಗೋಡೆಗೆ ಎಣ್ಣೆ ಪೇಂಟ್, ಮೂಲೆಯಲ್ಲಿ ಟೇಬಲ್ ಫ್ಯಾನ್. ನಮ್ಮ ಬಾತ್‌ರೂಮಿಗೂ ಅದೇ ಟೈಲ್ಸ್.

ಅಂದಹಾಗೆ "ಗವಿ ಮೊದಲು" ಅಂತ ಟೀ ಶರ್ಟ್ ಮಾಡಿಸಿದ್ದೇನೆ, ಲಿಂಕ್ ಕೆಳಗಿದೆ. ಎಕ್ಸ್‌ಎಲ್ ಖಾಲಿ. ಎಂ ಸೈಜ್ ಜಾಸ್ತಿ ಉಳಿದಿದೆ, ದಯವಿಟ್ಟು ಸ್ವಲ್ಪ ಸಣ್ಣ ಆಗಿ.

ಎಲ್ಲಿದ್ದೆ? ಹಾಂ, ಗವಿ. ಅಕ್ಟೋಬರ್ 2 ಬಂದರೆ ಸೋರಿಯಾದಲ್ಲಿ ಸತೂರಿಯೊ ಹಬ್ಬ. ಯಾರ ಹಬ್ಬ? ಗುಮ್ಮಟದ್ದಾ? ಚಿತ್ರದ್ದಾ? ಗವಿಯಲ್ಲಿ ಕೂತಿದ್ದವರದ್ದು! ಇನ್ನೇನು ಹೇಳಲಿ? ಗವಿ ಅಂದ್ರೆ ಗವಿ, ಅಷ್ಟೇ.

ಮುಂದಿನ ವಾರ ಆರು ನಿಮಿಷ ಗವಿ ಹಾಕುತ್ತೇನೆ. ಲೈಟೂ ಹಾಕುವುದಿಲ್ಲ. ಬೆಲ್ ಒತ್ತಿ.