ರಾತ್ರಿ ತಿರುಗುತ್ತಿದ್ದ ಚಕ್ರ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಬೇಸಿಗೆಯ ಒಂದು ರಾತ್ರಿ. ಕಲಬುರಗಿಯ ಸೆಕೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ನಿದ್ದೆ ಬಾರದೆ ಅಂಗಳಕ್ಕೆ ಬಂದೆ. ಗೇಟಿನ ಹತ್ತಿರ ಶಹಾಬಾದ್ ಕಲ್ಲಿನ ಒಂದು ಮುಚ್ಚಳ ಇದೆ, ಅದರ ಕೆಳಗೆ ನಮ್ಮ ನೀರಿನ ಮೀಟರು. ಆ ತಿಂಗಳ ಬಿಲ್ಲು ಜಾಸ್ತಿ ಬಂದಿತ್ತು. ಮೀಟರೇ ಕೆಟ್ಟಿದೆ ಅಂತ ಎರಡು ದಿನದಿಂದ ಮನೆಯಲ್ಲಿ ಅದೇ ಮಾತು. ಕಲ್ಲು ಸರಿಸಿದೆ. ಮೊಬೈಲ್ ಬೆಳಕು ಬಿಟ್ಟು, ಗಾಜಿನ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದೆ. ಮನೆಯವರೆಲ್ಲ ಮಲಗಿದ್ದರು. ಒಂದು ನಳವೂ ತೆರೆದಿರಲಿಲ್ಲ. ಆದರೂ ಅಂಕಿಗಳ ಪಕ್ಕದ ಪುಟ್ಟ ಹಲ್ಲಿನ ಚಕ್ರ ಮೆಲ್ಲಗೆ ತಿರುಗುತ್ತಿತ್ತು.

ಅಂಕಿ ಬರೆದಿಟ್ಟುಕೊಂಡೆ. ಬೆಳಗಿನ ಐದಕ್ಕೆ, ಅವ್ವ ಎದ್ದು ನಳ ಬಿಡುವ ಮೊದಲು, ಮತ್ತೆ ನೋಡಿದೆ. ಆರು ತಾಸಿಗೆ 72 ಲೀಟರ್ ಹೋಗಿತ್ತು. ಅಂದರೆ ದಿನಕ್ಕೆ 288 ಲೀಟರ್. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅಂತ ನಮ್ಮ ದೇಶದಲ್ಲಿ ಒಂದು ಅಳತೆ ಇಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿ. ಇಬ್ಬರ ನೀರು ನಮ್ಮ ಮನೆಯಿಂದ ಯಾರಿಗೂ ಕಾಣದೆ ಹರಿದುಹೋಗುತ್ತಿತ್ತು.

ತಪ್ಪು ಇದ್ದದ್ದು ಸಂಪಿಗೆ ನೀರು ಬಿಟ್ಟು ನಿಲ್ಲಿಸುವ ಬಾಲ್‌ಕಾಕ್‌ನಲ್ಲಿ. ವಾಷರ್ ಸವೆದಿತ್ತು. ಸಂಪು ತುಂಬಿದ ಮೇಲೂ ನೀರು ನಿಲ್ಲದೆ, ಹೆಚ್ಚಿನ ನೀರು ಹೋಗುವ ಪೈಪಿನಿಂದ ನೇರವಾಗಿ ಚರಂಡಿಗೆ ಸೇರುತ್ತಿತ್ತು. ಪೈಪು ನೆಲದೊಳಗೆ. ಅಂಗಳ ಒಣ ಒಣ. ಆ ಚಕ್ರ ಇಲ್ಲದಿದ್ದರೆ ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಮೀಟರಿಗೆ ಬೈದದ್ದಕ್ಕೆ ಮನಸ್ಸಿಗೆ ಕಷ್ಟವಾಯಿತು.

ಆ ದಿನದಿಂದ ನನಗೆ ಈ ಅಳತೆಯ ವಿಷಯ ತಲೆಯಲ್ಲಿ ಕುಳಿತಿದೆ. ಮರುಭೂಮಿಯ ಊರುಗಳು ಏನು ಮಾಡುತ್ತವೆ ಅಂತ ಓದತೊಡಗಿದೆ. ಅಮೆರಿಕದ ಲಾಸ್ ವೆಗಾಸ್ ನೋಡಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ನಮ್ಮ ಕಲಬುರಗಿಯಲ್ಲಿ ಸರಾಸರಿ 700 ದಾಟುತ್ತದೆ. ಅವರ ನೀರಿನಲ್ಲಿ ಹೆಚ್ಚು ಕಡಿಮೆ ನೂರಕ್ಕೆ 90 ಪಾಲು ಕೊಲರಾಡೊ ನದಿಯದು, ಹೂವರ್ ಅಣೆಕಟ್ಟಿನ ಹಿಂದಿನ ಮೀಡ್ ಸರೋವರದಿಂದ ಬರುತ್ತದೆ. ಅಲ್ಲಿ ಮನೆಗೆ ಮೀಟರು ಇದೆ, ಬಳಕೆ ಏರಿದಂತೆ ದರವೂ ಏರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ತೋಟಕ್ಕೆ ನೀರು ಹಾರಿಸುವಂತಿಲ್ಲ. ಚಳಿಗಾಲದಲ್ಲಿ ವಾರಕ್ಕೆ ಒಂದೇ ದಿನ, ಅದೂ ನಿಮ್ಮ ಬಡಾವಣೆಗೆ ಗೊತ್ತು ಮಾಡಿದ ದಿನ. ಹೊಸ ಮನೆಯ ಮುಂದೆ ಹುಲ್ಲುಹಾಸು ಬೆಳೆಸುವಂತಿಲ್ಲ. ಇದ್ದ ಹುಲ್ಲು ಕಿತ್ತರೆ ಅಳತೆಯ ಪ್ರಕಾರ ಹಣ ಕೊಡುತ್ತಾರೆ. ನೀರು ರಸ್ತೆಗೆ ಹರಿದರೆ ದಂಡ.

ಮನೆಯೊಳಗಿನ ನೀರಿಗೆ ಮಾತ್ರ ಅಷ್ಟು ಬಿಗಿ ಇಲ್ಲ. ಯಾಕೆ? ಬಚ್ಚಲಿನ ನೀರು, ಪಾತ್ರೆ ತೊಳೆದ ನೀರು ಹೆಚ್ಚು ಕಡಿಮೆ ಎಲ್ಲವೂ ಶುದ್ಧವಾಗಿ ಮತ್ತೆ ಅದೇ ಸರೋವರಕ್ಕೆ ಸೇರುತ್ತದೆ. ಹುಲ್ಲಿಗೆ ಬಿಟ್ಟದ್ದು ಬಿಸಿಲಿಗೆ ಹೋಯಿತು, ವಾಪಸ್ಸು ಬರುವುದಿಲ್ಲ. ನಿಯಮ ಹುಟ್ಟಿದ್ದು ಆ ಊರಿನ ನೀರಿನ ದಾರಿ ನೋಡಿ. 2002ರಿಂದ ಈಚೆಗೆ ಅಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಜನ ಹೊಸದಾಗಿ ಸೇರಿದ್ದಾರೆ. ನದಿಯಿಂದ ತೆಗೆದುಕೊಳ್ಳುವ ನೀರು ಮಾತ್ರ ಇಳಿದಿದೆ.

ನಮ್ಮಲ್ಲಿ ಹುಲ್ಲುಹಾಸು ಎಷ್ಟು ಮನೆಗೆ ಇದೆ? ಹಾಗಾಗಿ ಅವರ ನಿಯಮ ನಮಗೆ ಸುಮ್ನೆ ತಂದು ಹಚ್ಚಿದರೆ ಆಗುವುದಿಲ್ಲ. ನಮ್ಮ ನೀರು ಹೋಗುವುದು ತುಂಬಿ ಸುರಿಯುವ ಟ್ಯಾಂಕಿನಿಂದ, ಸವೆದ ವಾಷರಿನಿಂದ, ರಸ್ತೆ ಕೆಳಗಿನ ಒಡೆದ ಪೈಪಿನಿಂದ.

ಮರುಭೂಮಿ ಅಂದಾಗ ಇನ್ನೊಂದು ಊರು ಹೇಳಲೇಬೇಕು. ಇರಾನಿನ ಯಜ್ದ್. ಅಲ್ಲಿ ನೆಲದಡಿ ಮೈಲುಗಟ್ಟಲೆ ಸುರಂಗ ತೋಡಿ ನೀರು ತಂದರು. ಆ ವಿದ್ಯೆಯೇ ಬಹಮನಿ ಸುಲ್ತಾನರ ಕಾಲದಲ್ಲಿ ನಮ್ಮ ಬೀದರಿಗೆ ಬಂದದ್ದು. ನೌಬಾದ್ ಹತ್ತಿರದ ಕರೇಜ್ ಅದೇ, ಜನ ಸುರಂಗ ಬಾವಿ ಅನ್ನುತ್ತಾರೆ. ಇರಾನಿನ ಆ ಊರುಗಳಲ್ಲಿ ಬಂದ ನೀರನ್ನು ಹೇಗೆ ಹಂಚುತ್ತಿದ್ದರು ಗೊತ್ತಾ? ದೊಡ್ಡ ಪಾತ್ರೆಯಲ್ಲಿ ನೀರು. ಅದರ ಮೇಲೆ ತಳಕ್ಕೆ ಸಣ್ಣ ತೂತಿರುವ ತಾಮ್ರದ ಬಟ್ಟಲು. ಬಟ್ಟಲು ತುಂಬಿ ಮುಳುಗಿದರೆ ಒಂದು ಲೆಕ್ಕ. ನಿನ್ನ ಹೊಲಕ್ಕೆ ಇಷ್ಟು ಮುಳುಗು, ಅವನ ಹೊಲಕ್ಕೆ ಅಷ್ಟು ಮುಳುಗು. ಇದನ್ನು ಓದಿದಾಗ ನನಗೆ ಮೈ ಜುಂ ಅಂದಿತು. ನಮ್ಮ ಗಳಿಗೆ ಬಟ್ಟಲೂ ಇದೇ ಅಲ್ವಾ! ಮದುವೆ ಮುಹೂರ್ತಕ್ಕೆ ಹಿಂದೆ ನೀರಲ್ಲಿ ತೇಲಿಬಿಡುತ್ತಿದ್ದ ಬಟ್ಟಲು. ಅದು ಒಮ್ಮೆ ಮುಳುಗಿದರೆ 24 ನಿಮಿಷ. ನಾವು ಅದರಿಂದ ಹೊತ್ತು ಅಳೆದೆವು, ಅವರು ನೀರಿನ ಪಾಲು ಅಳೆದರು.

ಈಗ ನಮ್ಮ ಮೀಟರಿನ ವಿಷಯಕ್ಕೆ ಬರುತ್ತೇನೆ. ಕಲಬುರಗಿಯ ಕೆಲವು ವಾರ್ಡುಗಳಿಗೆ, ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿಯ ಜೊತೆಗೇ, ವಿಶ್ವಬ್ಯಾಂಕ್ ನೆರವಿನಲ್ಲಿ ದಿನದ 24 ತಾಸೂ ನೀರು ಬಂತು, ಮನೆಮನೆಗೆ ಮೀಟರೂ ಬಂತು. ಈ ಎರಡೂ ಜೊತೆಯಾಗಿಯೇ ಇರಬೇಕು. ನಾಲ್ಕು ದಿನಕ್ಕೊಮ್ಮೆ ನಳ ಬರುವ ಕಡೆ ಮೊದಲು ಬುಸ್ ಅಂತ ಗಾಳಿ ಬರುತ್ತದೆ. ಆ ಗಾಳಿಗೂ ಮೀಟರು ತಿರುಗುತ್ತದೆ. ಗಾಳಿಗೆ ದುಡ್ಡು ಕೊಡಿ ಅಂದರೆ ಯಾರು ಒಪ್ಪುತ್ತಾರೆ? ಆ ಸಿಟ್ಟು ನ್ಯಾಯವಾದದ್ದೇ. ನೀರು ನಂಬುವ ಹಾಗೆ ಬಂದರೆ ಅಳತೆಯೂ ನಂಬುವ ಹಾಗೆ ಇರುತ್ತದೆ. ನಳಕ್ಕೇ ಮೋಟರು ಹಚ್ಚಿ ಎಳೆಯುವವರಿಗೂ ಒಂದು ಮಾತು. ಹಾಗೆ ಎಳೆದಾಗ, ಪೈಪು ಎಲ್ಲಿ ಒಡೆದಿದೆಯೋ ಅಲ್ಲಿಂದ ಚರಂಡಿ ನೀರೂ ಒಳಗೆ ಬರುತ್ತದೆ. ಅದನ್ನು ಕುಡಿಯುವುದು ಪಕ್ಕದ ಮನೆಯ ಕೂಸು.

ಮೀಟರು ಓದುವುದು ಕಷ್ಟವೇನಲ್ಲ. ಕಪ್ಪು ಅಂಕಿ ಸಾವಿರ ಲೀಟರಿನ ಲೆಕ್ಕ, ಕೆಂಪು ಅಂಕಿ ಅದರ ಚಿಲ್ಲರೆ. ದಿನವಿಡೀ ನೀರಿರುವ ಮನೆಯಾದರೆ ರಾತ್ರಿ ಎಲ್ಲ ನಳ ಮುಚ್ಚಿ ಒಮ್ಮೆ ನೋಡಿ. ಚಕ್ರ ತಿರುಗುತ್ತಿದ್ದರೆ ಸಂಪು, ಮೇಲಿನ ಟ್ಯಾಂಕು, ಶೌಚಾಲಯದ ಫ್ಲಶ್, ಈ ಮೂರನ್ನು ಮೊದಲು ಹುಡುಕಿ.

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೊದಲು ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ ಮಾತ್ರ ಇರುತ್ತಿತ್ತು. ಈಗ ಪ್ರತಿ ಭಾನುವಾರದ ಚೌಕದಲ್ಲಿ ಮೀಟರಿನ ಅಂಕಿಯೂ ಇದೆ. ಅವ್ವನಿಗೆ ಓದಲು ಬರುವುದಿಲ್ಲ. ಆದರೂ ಅಂಕಿ ಬರೆಯುವಾಗ ಹಿಂದೆ ಬಂದು ನಿಲ್ಲುತ್ತಾಳೆ. "ಈ ವಾರ ಎಷ್ಟಾತು?" ಅಂತ ಕೇಳುತ್ತಾಳೆ. ನಾನು ಹೇಳಿದ್ದನ್ನು ಅವಳು ಕೊಡಗಳ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಬಾವಿಯಿಂದ ಹೊತ್ತು ತಂದ ಕೊಡಗಳ ಲೆಕ್ಕ ಅವಳಿಗೆ ಇನ್ನೂ ನೆನಪಿದೆ.

ನಮಸ್ಕಾರ.